ವಖಾನ್ ಕಣಿವೆಯಲ್ಲಿ ಗೋಧಿ ಒಕ್ಕುವ ದಿನಗಳು

ದುಶಾಂಬೆಯಿಂದ ಕಲಾಯಿಖುಂಬ್

ವೀಸಾ, ವಿಮಾನದ ಕಥೆ ಬಿಡೋಣ. ತಜಿಕಿಸ್ತಾನಕ್ಕೆ ಇ-ವೀಸಾ ಸಿಗುತ್ತದೆ. ಅರ್ಜಿ ತುಂಬುವಾಗಲೇ ಗೋರ್ನೋ-ಬದಖ್‌ಶಾನ್ (ಪಾಮಿರ್ ಬೆಟ್ಟಗಳಿರುವ ಪೂರ್ವದ ಪ್ರಾಂತ್ಯ) ಪರವಾನಗಿಯನ್ನೂ ಕೇಳಿಬಿಡಿ, ಅದಿಲ್ಲದೆ ಪಾಮಿರ್ ಕಡೆ ಬಿಡುವುದಿಲ್ಲ. ಪಾಸ್‌ಪೋರ್ಟಿನ ನಾಲ್ಕಾರು ಜೆರಾಕ್ಸ್ ಇಟ್ಟುಕೊಂಡರೆ ಚೆಕ್‌ಪೋಸ್ಟುಗಳಲ್ಲಿ ಕೆಲಸ ಬೇಗ ಮುಗಿಯುತ್ತದೆ.

ಆಗಸ್ಟ್ ಕೊನೆಗೆ ಹೋಗಿದ್ದು ಬೇಕಂತಲೇ. ಪಾಮಿರ್ ಅಂದರೆ ಎಲ್ಲರೂ ಹಿಮಪರ್ವತ, ಸರೋವರ, ಮೋಟರ್‌ಬೈಕ್ ಅಂತ ಹೋಗುತ್ತಾರೆ. ನನಗೆ ಅಲ್ಲಿನ ವಖಾನ್ ಕಣಿವೆಯ ಗೋಧಿ ಸುಗ್ಗಿ ನೋಡಬೇಕಿತ್ತು. 2,800 ಮೀಟರ್ ಎತ್ತರದಲ್ಲಿ, ಮಳೆಯೇ ಬೀಳದ ಕಣಿವೆಯಲ್ಲಿ, ಜನ ಗೋಧಿ ಬೆಳೆದು ತಿನ್ನುತ್ತಾರೆ ಅನ್ನುವುದೇ ವಿಚಿತ್ರ ಅನ್ನಿಸಿತ್ತು.

ರಾಜಧಾನಿ ದುಶಾಂಬೆಯಿಂದ ಪಾಮಿರ್‌ನ ಮುಖ್ಯ ಊರು ಖೊರೋಗ್‌ಗೆ ಕುಲೋಬ್ ಮೇಲೆ ಹೋದರೆ ಸುಮಾರು 600 ಕಿಲೋಮೀಟರ್. ಶೇರ್ ಜೀಪಿನಲ್ಲಿ ಒಂದೇ ಏಟಿಗೆ ಹೋಗುವವರಿದ್ದಾರೆ, ಬೆಳಗಿನ ಜಾವ ಹೊರಟು ಮಧ್ಯರಾತ್ರಿ ತಲುಪುತ್ತಾರೆ. ಸುಮ್ನೆ ಆ ಹಠ ಬೇಡ, ನಡುವೆ ಕಲಾಯಿಖುಂಬ್‌ನಲ್ಲಿ ಒಂದು ರಾತ್ರಿ ಉಳಿಯಿರಿ. ಕುಲೋಬ್ ತನಕ ಬಿಸಿಲೋ ಬಿಸಿಲು. ರಸ್ತೆ ಬದಿ ಕರಬೂಜದ ರಾಶಿ. ಡ್ರೈವರ್ ಒಂದನ್ನು ಬಾನೆಟ್ ಮೇಲೆ ಇಟ್ಟು ಕೊಯ್ದು ಎಲ್ಲರಿಗೂ ಹಂಚಿದ, ಜೊತೆಗೆ ರೊಟ್ಟಿ ಮುರಿದು ಕೊಟ್ಟ. ಕರಬೂಜ ಮತ್ತು ನಾನ್. ಆಮೇಲೆ ಊರಿಗೆ ಬಂದು ಚಪಾತಿ ಜೊತೆ ತಿಂದು ನೋಡಿದೆ, ಆ ರುಚಿ ಬರಲಿಲ್ಲ.

ಕುಲೋಬ್ ದಾಟಿದ ಮೇಲೆ ಪಂಜ್ ನದಿ ಸಿಗುತ್ತದೆ. ಈಚೆ ದಡ ತಜಿಕಿಸ್ತಾನ, ಆಚೆ ದಡ ಅಫ್ಘಾನಿಸ್ತಾನ. ಕೆಲವು ಕಡೆ ನದಿ ಎಷ್ಟು ಕಿರಿದು ಅಂದರೆ ಆಚೆ ಹೋಗುತ್ತಿದ್ದ ಕತ್ತೆಯ ಬೆನ್ನಿನ ಮೇಲೆ ಏನು ಹೇರಿದ್ದಾರೆ ಅನ್ನುವುದೂ ಕಾಣುತ್ತದೆ. ಗೋಧಿ ಸಿವುಡು! ಕಡಿದಾದ ಬಂಡೆಗೆ ಅಂಟಿಸಿದ ಹಾಗೆ ಒಂದೊಂದು ತುಂಡು ಹೊಲ, ಅದರ ಮೇಲೊಂದು ಕಾಲುವೆಯ ಹಸಿರು ಗೆರೆ. ನಾನು ನೋಡಿದ್ದೇ ನೋಡಿದ್ದು. ನನ್ನ ಪಕ್ಕ ಕೂತಿದ್ದ ಹೆಂಗಸಿಗೆ ಅದರಲ್ಲಿ ಏನೂ ವಿಶೇಷ ಕಾಣಲಿಲ್ಲ, ಮೊಬೈಲಿನಲ್ಲಿ ಹಿಂದಿ ಧಾರಾವಾಹಿಯ ತಜಿಕ್ ಡಬ್ಬಿಂಗ್ ನೋಡುತ್ತಾ ಇದ್ದಳು. ನಾನು ಇಂಡಿಯಾದವನು ಅಂತ ಗೊತ್ತಾದ ಮೇಲೆ ಅತ್ತೆ-ಸೊಸೆ ಜಗಳದಲ್ಲಿ ಮುಂದೇನಾಗುತ್ತೆ ಅಂತ ಕೇಳಿದಳು.

ಖೊರೋಗ್

ಮರುದಿನ ರಸ್ತೆ ಕೆಲಸದ ಧೂಳಿನಲ್ಲಿ ಗಂಟೆಗಟ್ಟಲೆ ನಿಂತು, ಸಂಜೆ ಹೊತ್ತಿಗೆ ಖೊರೋಗ್ ತಲುಪಿದೆವು. ಗುಂಟ್ ನದಿ ಪಂಜ್ ಸೇರುವ ಜಾಗ. ಪಾಪ್ಲರ್ ಮರಗಳ ತಂಪಾದ ಊರು. ನಗದು ಇಲ್ಲೇ ತೆಗೆದುಕೊಳ್ಳಿ, ಮುಂದೆ ಕಾರ್ಡ್ ನಂಬಿ ಹೋಗಬೇಡಿ.

ಊರ ಮೇಲಿನ ಬೊಟಾನಿಕಲ್ ಗಾರ್ಡನ್‌ಗೆ ಹತ್ತಿ ಹೋದೆ. 1940ರಲ್ಲಿ ಮಾಡಿದ್ದು, 2,300 ಮೀಟರ್ ಎತ್ತರದಲ್ಲಿದೆ. ಅಲ್ಲಿ ಕೂತಾಗ ನೆನಪಾಗಿದ್ದು ನಿಕೊಲಾಯ್ ವವಿಲೋವ್. 1916ರಲ್ಲಿ ಈ ರಷ್ಯನ್ ಸಸ್ಯವಿಜ್ಞಾನಿ ಕುದುರೆ ಹತ್ತಿ ಪಾಮಿರ್‌ಗೆ ಬಂದಿದ್ದ. ಗೋಧಿ ಎಲೆ ಕಾಂಡಕ್ಕೆ ಕೂಡುವ ಜಾಗದಲ್ಲಿ ತೆಳ್ಳಗಿನ ಒಂದು ಪೊರೆ ಇರುತ್ತದೆ. ಆ ಪೊರೆಯೇ ಇಲ್ಲದ ಗೋಧಿ ಅವನಿಗೆ ಇಲ್ಲಿ ಸಿಕ್ಕಿತು, ಅಂಥದ್ದೇ ರೈ ಕೂಡ. ಹೊರಗಿನ ತಳಿ ಬಂದು ಬೆರೆಯದೆ, ಒಂದೊಂದು ಕಣಿವೆಯೂ ತನ್ನದೇ ಬೀಜ ಇಟ್ಟುಕೊಂಡು ಬಂದಿದ್ದರಿಂದ ಇಂಥವು ಉಳಿದಿದ್ದವು. ಜಗತ್ತಿನ ಬೀಜಗಳನ್ನೆಲ್ಲ ಹುಡುಕಿ ಕೂಡಿಟ್ಟ ಆ ಮನುಷ್ಯ, ಸ್ಟಾಲಿನ್ ಕಾಲದಲ್ಲಿ ಜೈಲು ಸೇರಿ 1943ರಲ್ಲಿ ಸರಾತೊವ್ ಜೈಲಿನಲ್ಲಿ ಹಸಿವಿನಿಂದ ಸೊರಗಿ ಸತ್ತ. ಯಾವಾಗ ಓದಿದರೂ ಹೊಟ್ಟೆ ಉರಿಯುತ್ತದೆ.

ವಖಾನ್ ಕಡೆ ಹೋಗುವ ಜೀಪು ಬಜಾರಿನ ಹತ್ತಿರ ಸಿಕ್ಕಿತು. ಹೊರಡುವ ಮುಂಚೆ ಮೇಲೆ ಹಿಟ್ಟಿನ ಚೀಲ ಹೇರಿದರು. ಕಜಕಿಸ್ತಾನದ ಮೈದಾ ಹಿಟ್ಟು, ತಲಾ 50 ಕೇಜಿ. ಒಂದು ಚೀಲ ನನ್ನ ಕಾಲ ಕೆಳಗೂ ಬಂತು. ಕಣಿವೆಯಲ್ಲಿ ಈಗ ಗೋಧಿ ಸುಗ್ಗಿ ಅಲ್ವಾ, ಅಲ್ಲಿಗೆ ಹಿಟ್ಟು ಯಾಕೆ ಅಂತ ಕೇಳಿದೆ. ಡ್ರೈವರ್ ನನ್ನನ್ನೇ ನೋಡಿ ನಕ್ಕ, "ಚಳಿಗಾಲ ನೋಡಿದೀಯಾ?" ಅಂದ. ಅಷ್ಟೇ ಉತ್ತರ.

ಇಷ್ಕಾಶಿಮ್ ದಾಟಿ ಯಮ್‌ಚುನ್

ಖೊರೋಗ್‌ನಿಂದ ಇಷ್ಕಾಶಿಮ್ ನೂರು ಕಿಲೋಮೀಟರ್ ಚಿಲ್ಲರೆ. ಅಲ್ಲಿಂದ ದಾರಿ ನದಿ ಜೊತೆ ಪೂರ್ವಕ್ಕೆ ತಿರುಗುತ್ತದೆ, ಕಣಿವೆ ಒಮ್ಮೆಲೇ ಅಗಲವಾಗುತ್ತದೆ, ಎದುರಿಗೆ ಹಿಂದೂಕುಷ್ ಪೂರ್ತಿ ಎದ್ದು ನಿಲ್ಲುತ್ತದೆ. ಅದರಾಚೆ ಪಾಕಿಸ್ತಾನ. 1895ರಲ್ಲಿ ಬ್ರಿಟಿಷರು ಮತ್ತು ರಷ್ಯನ್ನರು ಕೂತು ಈ ನದಿಯನ್ನೇ ಗಡಿ ಮಾಡಿದರು. ವಖಿ ಭಾಷೆಯ ಜನ ಎರಡೂ ದಡಕ್ಕೆ ಹಂಚಿಹೋದರು. ನಮ್ಮ ಡ್ರೈವರ್‌ನ ಅಜ್ಜಿಯ ತಂಗಿ ಆಚೆ ದಡಕ್ಕೆ ಮದುವೆಯಾಗಿ ಹೋದವಳು ಮತ್ತೆ ಬರಲೇ ಇಲ್ಲವಂತೆ.

ಈ ಕಡೆ ಊರು ಅಂದರೆ ಹೀಗೆ: ಬೆಟ್ಟದ ಸೀಳಿನಿಂದ ಹಿಮ ಕರಗಿದ ಹಳ್ಳ ಇಳಿದು ಬಂದು, ಕಲ್ಲು ಮಣ್ಣು ಬೀಸಣಿಗೆ ಥರ ಹರಡಿದ ಜಾಗದಲ್ಲಿ ಊರು. ಹಳ್ಳ ಇಲ್ಲದ ಕಡೆ ಬರೀ ಬೂದು ಬಂಡೆ, ಒಂದು ಗರಿಕೆಯೂ ಇಲ್ಲ. ನೀರು ಇದ್ದಷ್ಟು ಹೊಲ, ಹೊಲ ಇದ್ದಷ್ಟು ಮನೆ. ಆ ಹಳ್ಳಗಳು ಬೆಳಗ್ಗೆ ಪಾದ ಮುಳುಗುವಷ್ಟು ಇರುತ್ತವೆ. ಮಧ್ಯಾಹ್ನ ಬಿಸಿಲಿಗೆ ಹಿಮ ಕರಗಿ ಮೂರು ಗಂಟೆ ಹೊತ್ತಿಗೆ ಸೊಂಟ ಮಟ್ಟ ಬರುತ್ತವೆ. ಹಿಟ್ಟು ಇಳಿಸುತ್ತಾ, ಚಹಾ ಕುಡಿಯುತ್ತಾ ನಮಗೆ ತಡವಾಗಿತ್ತು. ಯಮ್‌ಚುನ್ ಇನ್ನೇನು ಬಂತು ಅನ್ನುವಾಗ ಜೀಪು ಹಳ್ಳದ ನಡುವೆ ಕಲ್ಲಿಗೆ ಸಿಕ್ಕಿ ನಿಂತಿತು. ನೀರು ಬಾಗಿಲ ಸಂದಿಯಿಂದ ಒಳಗೆ ಬಂತು. ಆಗ ಡ್ರೈವರ್ ಮಾಡಿದ ಮೊದಲ ಕೆಲಸ, ನನ್ನ ಬ್ಯಾಗ್ ಅಲ್ಲ, ಹಿಟ್ಟಿನ ಚೀಲ ಎತ್ತಿ ಸೀಟಿನ ಮೇಲಿಟ್ಟ. ನನ್ನ ಬ್ಯಾಗ್ ಒದ್ದೆಯಾಯಿತು. ಹೊಲದಲ್ಲಿದ್ದವರೆಲ್ಲ ಕುಡಗೋಲು ಬಿಟ್ಟು ಓಡಿ ಬಂದರು. ಹಗ್ಗ ಕಟ್ಟಿ ಎಳೆದಿದ್ದು ನಾಲ್ಕು ಹೆಂಗಸರು, ಒಬ್ಬ ಮುದುಕ, ಒಂದಷ್ಟು ಶಾಲೆ ಹುಡುಗರು. ಮೂವತ್ತರ ಗಂಡಸು ಅಂತ ಒಬ್ಬನೂ ಇರಲಿಲ್ಲ. ಎಲ್ಲಿ ಅಂದರೆ ಎಲ್ಲರಿಂದಲೂ ಒಂದೇ ಉತ್ತರ: ರಷ್ಯಾ. ಮಾಸ್ಕೋದಲ್ಲಿ ಕಟ್ಟಡ ಕೆಲಸ, ಟ್ಯಾಕ್ಸಿ. ಆ ದುಡ್ಡಿನಲ್ಲೇ ಕಜಕ್ ಹಿಟ್ಟಿನ ಚೀಲ ಬರುವುದು.

ಆ ರಾತ್ರಿ ಉಳಿದ ಮನೆ ಪಾಮಿರಿ ಮನೆ. ನಡುವೆ ಐದು ಮರದ ಕಂಬ. ಅವಕ್ಕೆ ಮಹಮ್ಮದ್, ಅಲಿ, ಫಾತಿಮಾ, ಹಸನ್, ಹುಸೇನ್ ಅಂತ ಹೆಸರು. ಇಲ್ಲಿನವರು ಇಸ್ಮಾಯಿಲಿ ಮುಸ್ಲಿಮರು. ಮೇಲೆ ಚೌಕದೊಳಗೆ ಚೌಕ, ಒಟ್ಟು ನಾಲ್ಕು ಚೌಕದ ಬೆಳಕಿಂಡಿ: ಮಣ್ಣು, ನೀರು, ಗಾಳಿ, ಬೆಂಕಿ. ಒಂದು ಕಂಬದ ಮೇಲೆ ಬಿಳಿ ಚುಕ್ಕೆಗಳು ಮಾಸಿ ಉಳಿದಿದ್ದವು. ನವ್ರೂಜ್ ಅನ್ನುವ ಹೊಸವರ್ಷದ ಹಬ್ಬಕ್ಕೆ ಮನೆ ಸಾರಿಸಿ, ಗೋಧಿ ಹಿಟ್ಟಿನಲ್ಲಿ ಬೆರಳದ್ದಿ ಗೋಡೆಗೆ ಕಂಬಕ್ಕೆ ಚಿತ್ತಾರ ಬರೆಯುತ್ತಾರಂತೆ. ಮಾರ್ಚ್‌ನಲ್ಲಿ ಬರೆದಿದ್ದು ಆಗಸ್ಟ್‌ವರೆಗೂ ಇತ್ತು.

ಊಟಕ್ಕೆ ಆಲೂಗಡ್ಡೆ ಸೂಪು, ನಾನ್, ಮೊಸರು. ಸಸ್ಯಾಹಾರಿಗಳು ಮನೆಗೆ ಕಾಲಿಟ್ಟ ಕೂಡಲೇ ಹೇಳಿಬಿಡಬೇಕು. ಹೇಳಿದ ಮೇಲೂ ಸೂಪಿನಲ್ಲಿ ಕೊಬ್ಬಿನ ಒಂದು ತುಂಡು ತೇಲಬಹುದು, ಅದು ಅವರ ಲೆಕ್ಕದಲ್ಲಿ ಮಾಂಸ ಅಲ್ಲ!

ಕಣದಲ್ಲಿ

ಬೆಳಗ್ಗೆ ಬಿಬಿ ಫಾತಿಮಾ ಬಿಸಿನೀರಿನ ಬುಗ್ಗೆಗೆ ಹೋಗಿ ಮಿಂದು, ಯಮ್‌ಚುನ್ ಕೋಟೆಯ ಮುರಿದ ಬುರುಜುಗಳ ಮೇಲೆ ಒಂದು ಸುತ್ತು ಹಾಕಿ ಬಂದೆ. ಬುಗ್ಗೆಯಲ್ಲಿ ಗಂಡಸರಿಗೊಂದು ಹೊತ್ತು, ಹೆಂಗಸರಿಗೊಂದು ಹೊತ್ತು, ಸರತಿ ಕೇಳಿಕೊಂಡು ಹೋಗಿ. ಕೋಟೆ ಚೆನ್ನಾಗಿದೆ. ಆದರೆ ಮೇಲಿಂದ ಕೆಳಗೆ ನೋಡಿದಾಗ ಹಳದಿ ಹೊಲಗಳ ನಡುವೆ ದುಂಡಗೆ ಕಣ ಕಂಡಿತು, ಅದರಲ್ಲಿ ದನ ಸುತ್ತುತ್ತಿದ್ದವು. ಇಳಿದು ಓಡಿದೆ.

ನಾನು ಬಿಜಾಪುರ ಕಡೆಯವನು. ಚಿಕ್ಕವನಿದ್ದಾಗ ನಮ್ಮ ಕಣದಲ್ಲೂ ಮೇಟಿ ನೆಟ್ಟು ಎತ್ತು ಕಟ್ಟಿ ಹಂತಿ ಹೊಡೆಯುತ್ತಿದ್ದರು, ರಾತ್ರಿಯೆಲ್ಲ ಹಂತಿ ಪದ ಹಾಡುತ್ತಿದ್ದರು. ಈಗ ನಮ್ಮೂರಲ್ಲಿ ಮಷಿನ್ ಬಂದು ಒಂದು ತಾಸಿನಲ್ಲಿ ಮುಗಿಸಿ ಹೋಗುತ್ತದೆ. ಅದನ್ನೇ ಮತ್ತೆ ಇಲ್ಲಿ, ಹಿಂದೂಕುಷ್ ಬುಡದಲ್ಲಿ ನೋಡಿದಾಗ ಸ್ವಲ್ಪ ಹೊತ್ತು ಮಾತು ಹೊರಡಲಿಲ್ಲ. ಎರಡು ಎತ್ತು, ಒಂದು ಹಸು, ಕೊನೆಗೆ ಒಂದು ಕತ್ತೆ. ಕುತ್ತಿಗೆಗೆ ಕುತ್ತಿಗೆ ಕಟ್ಟಿ ಸಾಲಾಗಿ ಸುತ್ತಿಸುತ್ತಿದ್ದರು. ಒಳಗಿನ ಎತ್ತು ನಿಂತಲ್ಲೇ ತಿರುಗಿದಂತೆ, ಹೊರಗಿನ ಕತ್ತೆ ಮಾತ್ರ ಓಡಬೇಕು. ಹಿಂದೆ ಎಂಟು ವರ್ಷದ ಹುಡುಗ, ಕೈಯಲ್ಲಿ ಬೆತ್ತ, ಇನ್ನೊಂದು ಕೈಯಲ್ಲಿ ಮುರುಕು ಬೇಸಿನ್. ಹಸು ಬಾಲ ಎತ್ತಿದ ಕೂಡಲೇ ಹುಡುಗ ಬೆತ್ತ ಬಿಸಾಕಿ ಬೇಸಿನ್ ಹಿಡಿದು ಓಡುತ್ತಿದ್ದ. ಸಗಣಿ ಕಾಳಿನ ಮೇಲೆ ಬೀಳಬಾರದು, ಹಾಳೂ ಆಗಬಾರದು. ಮರ ಇಲ್ಲದ ನಾಡು, ಚಳಿಗಾಲಕ್ಕೆ ಒಲೆಗೆ ಅದೇ ಬೇಕು. ಒಂದು ಸಲವೂ ತಪ್ಪಲಿಲ್ಲ ಅವನು!

ಕೊಯ್ಲು ಮುಗಿದ ಮನೆಯವರು ಮುಗಿಯದ ಮನೆಯವರ ಹೊಲಕ್ಕೆ ಬರುತ್ತಾರೆ. ಇದಕ್ಕೆ ಇಲ್ಲಿ ಹಶರ್ ಅನ್ನುತ್ತಾರೆ, ಕೂಲಿ ಇಲ್ಲ, ಊಟ ಕೊಡಬೇಕು ಅಷ್ಟೇ. ಖೊರೋಗ್ ಯುನಿವರ್ಸಿಟಿಯಲ್ಲಿ ಓದುವ ಹುಡುಗಿಯೊಬ್ಬಳು ರಜೆಗೆ ಬಂದಿದ್ದಳು. ಅವಳಿಗೆ ಇಂಗ್ಲಿಷ್ ಚೆನ್ನಾಗಿ ಬರುತ್ತಿತ್ತು, ನನಗೆ ಮಾತು ಸಿಕ್ಕಿದ್ದು ಅವಳಿಂದ. ಈ ಊರಿಗೆ ಟ್ರ್ಯಾಕ್ಟರ್ ಇದೆ, ಆದರೆ ಡೀಸೆಲ್ ತುಟ್ಟಿ, ಮೇಲಿನ ತುಂಡು ಹೊಲಗಳಿಗೆ ಅದು ಹತ್ತುವುದೂ ಇಲ್ಲ ಅಂದಳು. ಎತ್ತು ಸುತ್ತಿಸಿದರೆ ಹುಲ್ಲು ಮೆತ್ತಗೆ ನುರಿಯುತ್ತದೆ, ಚಳಿಗಾಲದಲ್ಲಿ ದನ ಅದನ್ನೇ ತಿನ್ನಬೇಕು. ಕಾಳಿಗಿಂತ ಹುಲ್ಲಿನ ಚಿಂತೆಯೇ ಅವಳಮ್ಮನಿಗೆ ಜಾಸ್ತಿಯಂತೆ.

ಮಧ್ಯಾಹ್ನ ಗಾಳಿ ಎದ್ದಿತು. ವಖಾನ್‌ನಲ್ಲಿ ದಿನವೂ ಮಧ್ಯಾಹ್ನ ಗಾಳಿ ಏಳುತ್ತದೆ. ಪ್ರವಾಸಿಗಳು ಬೈಯುತ್ತಾರೆ, ಸೈಕಲ್‌ನವರಂತೂ ಅಳುತ್ತಾರೆ. ಕಣದವರು ಅದಕ್ಕೇ ಕಾಯುತ್ತಿರುತ್ತಾರೆ. ಮರದ ಕವೆಗೋಲಿನಿಂದ ತೂರಲು ಶುರು ಮಾಡಿದರು. ಹೊಟ್ಟು ಹಳದಿ ಮೋಡದ ಹಾಗೆ ಹಾರಿ ಆಚೆ ಬೀಳುತ್ತದೆ, ಕಾಳು ಕಾಲ ಬಳಿ ಉದುರುತ್ತದೆ. ನನ್ನ ಕೈಗೂ ಒಂದು ಕೊಟ್ಟರು. ನಾನು ತೂರಿದ ಹೊಟ್ಟು ಅರ್ಧ ನನ್ನ ಅಂಗಿಯೊಳಗೇ ಹೋಯಿತು, ಗೋಧಿ ತೆನೆಯ ಮುಳ್ಳು ಎರಡು ದಿನ ಚುಚ್ಚುತ್ತಲೇ ಇತ್ತು. ಕೊನೆಗೆ ಉಳಿದ ರಾಶಿ ನೋಡಿ ನನಗೆ ಬೇಜಾರಾಯಿತು. ಅಷ್ಟು ಜನ, ಅಷ್ಟು ದನ, ಇಡೀ ದಿನ. ರಾಶಿ ನನ್ನ ಮೊಣಕಾಲೆತ್ತರವೂ ಇರಲಿಲ್ಲ.

"ಇದು ಎಷ್ಟು ತಿಂಗಳಿಗೆ?" ಅಂದೆ. ಹುಡುಗಿ ಅಮ್ಮನನ್ನು ಕೇಳಿ, ಎಲ್ಲ ಹೊಲದ್ದು ಸೇರಿದರೆ ಫೆಬ್ರವರಿ ತನಕ ಬರಬಹುದು ಅಂದಳು. ಆಮೇಲೆ ಕಜಕ್ ಹಿಟ್ಟು.

ಹಾಗಾದರೆ ಇಷ್ಟು ಕಷ್ಟ ಯಾಕೆ, ಎಲ್ಲ ಹಿಟ್ಟೂ ಕೊಂಡುಬಿಡಬಹುದಲ್ಲ? ಇದನ್ನು ನಾನು ಕೇಳಿದೆ, ಕೇಳದೆ ಇರಲಾಗಲಿಲ್ಲ. ಉತ್ತರ ಕೊಟ್ಟಿದ್ದು ಮೂಲೆಯಲ್ಲಿ ಮೊರ ಹಿಡಿದು ಕೂತಿದ್ದ ಅಜ್ಜಿ. ಸೋವಿಯತ್ ಕಾಲದಲ್ಲಿ ಇಲ್ಲಿ ಗೋಧಿ ಬೆಳೆಯುತ್ತಲೇ ಇರಲಿಲ್ಲವಂತೆ. ಹೊಲಕ್ಕೆಲ್ಲ ದನದ ಮೇವು ಹಾಕಿಸಿದ್ದರು, ಹಿಟ್ಟು ಲಾರಿಯಲ್ಲಿ ಬರುತ್ತಿತ್ತು, ಅಗ್ಗವಾಗಿತ್ತು. 1991ರಲ್ಲಿ ದೇಶ ಒಡೆಯಿತು, 1992ರಲ್ಲಿ ಅಂತರ್ಯುದ್ಧ ಶುರುವಾಯಿತು, ರಸ್ತೆ ಮುಚ್ಚಿತು, ಲಾರಿ ನಿಂತಿತು. ಹುಲ್ಲುಗಾವಲು ಉತ್ತು, ಯಾರ್‍ಯಾರ ಮನೆಯ ಮೂಲೆಯಲ್ಲಿ ಉಳಿದಿದ್ದ ಬೀಜ ಹುಡುಕಿ ಬಿತ್ತಿದರು. 1993ರಲ್ಲಿ ಇಸ್ಮಾಯಿಲಿಗಳ ಧರ್ಮಗುರು ಆಗಾ ಖಾನರ ಫೌಂಡೇಶನ್‌ನ ಲಾರಿಗಳು ಹಿಟ್ಟು ಹೊತ್ತು ಬರುವ ತನಕ ಒಣಗಿದ ಹಿಪ್ಪುನೇರಳೆ ಹಣ್ಣನ್ನು ಕುಟ್ಟಿ ಪುಡಿ ಮಾಡಿ ತಿಂದೆವು ಅಂದಳು. "ರಸ್ತೆ ಇರುವ ತನಕ ಹಿಟ್ಟು. ಬೀಜ ಮನೆಯಲ್ಲಿರಬೇಕು." ಇಷ್ಟು ಹೇಳಿ ಮತ್ತೆ ಮೊರ ಕೇರತೊಡಗಿದಳು.

ಇಂಥ ಜಾಗದ ಬಗ್ಗೆ ಬರೆಯುವವರು "ಕಾಲ ನಿಂತ ಊರು" ಅಂತ ಬರೆದುಬಿಡುತ್ತಾರೆ. ನನಗೆ ಅದು ಸರಿ ಅನ್ನಿಸುವುದಿಲ್ಲ. ಇಲ್ಲಿ ಕಾಲ ಮುಂದೆ ಹೋಗಿ, ಕೈಕೊಟ್ಟು, ಹಿಂದೆ ಬಂದಿದೆ. ಕಣದ ಎತ್ತುಗಳು ಅಜ್ಜನ ಕಾಲದಿಂದ ಹಾಗೇ ಸುತ್ತುತ್ತಾ ಬಂದಿಲ್ಲ, ತೊಂಬತ್ತರ ಹಸಿವು ಅವನ್ನು ಮತ್ತೆ ಕಟ್ಟಿಸಿದ್ದು.

ಯಮ್ಗ್ ಮತ್ತು ವ್ರಂಗ್

ಮುಂದಿನ ಊರುಗಳು ಹತ್ತಿರ ಹತ್ತಿರ. ಯಮ್ಗ್‌ನಲ್ಲಿ 19ನೇ ಶತಮಾನದ ಸೂಫಿ ಮುಬಾರಕ್ ವಖಾನಿಯ ಮನೆ ಈಗ ಮ್ಯೂಸಿಯಂ. ಬೀಗ ಇರುತ್ತದೆ, ಪಕ್ಕದ ಮನೆಯಲ್ಲಿ ಕೇಳಿದರೆ ತೆಗೆಯುತ್ತಾರೆ. ಹೊರಗೆ ತೂತಿರುವ ಒಂದು ಕಲ್ಲು ನಿಲ್ಲಿಸಿದ್ದಾರೆ. ಅದರಲ್ಲಿ ಸೂರ್ಯ ಹಾಯುವುದು ನೋಡಿ ನವ್ರೂಜ್ ದಿನ ಗೊತ್ತು ಮಾಡುತ್ತಿದ್ದನಂತೆ.

ಬೀಗ ತೆಗೆದ ಮುದುಕ ಇನ್ನೊಂದು ಲೆಕ್ಕ ಹೇಳಿದ. ಅದು ನನಗೆ ಕಲ್ಲಿಗಿಂತ ಜಾಸ್ತಿ ಹಿಡಿಸಿತು. ಹಿಂದೆ ಪಾಮಿರ್ ರೈತರು ಮೈಮೇಲೆ ಪಂಚಾಂಗ ಇಟ್ಟುಕೊಂಡಿದ್ದರು. ಚಳಿ ಕಳೆಯುತ್ತಿದ್ದಂತೆ ಸೂರ್ಯ ಮನುಷ್ಯನ ಪಾದಕ್ಕೆ ಬರುತ್ತಾನೆ. ಅಲ್ಲಿಂದ ಹಿಮ್ಮಡಿ ಗಂಟು, ಮೊಣಕಾಲು, ತೊಡೆ, ಎದೆ, ಗಂಟಲು, ಹೀಗೆ ಒಂದೊಂದು ಅಂಗದಲ್ಲಿ ಕೆಲವು ದಿನ ಇದ್ದು ನೆತ್ತಿಗೆ ಹತ್ತುತ್ತಾನೆ. ಆಮೇಲೆ ಅದೇ ದಾರಿಯಲ್ಲಿ ಇಳಿಯುತ್ತಾನೆ. ಉಳುವುದು, ಬಿತ್ತುವುದು, ದನ ಬೆಟ್ಟಕ್ಕೆ ಹೊಡೆಯುವುದು ಎಲ್ಲ ಈ ಲೆಕ್ಕದಲ್ಲೇ. ಲೆಕ್ಕ ಇಡುವವನು ಊರಿಗೊಬ್ಬ ಇರುತ್ತಿದ್ದ, ಅವನಿಗೆ ಹಿಸೋಬ್‌ದೋನ್ ಅಂತ ಹೆಸರು. ಒಂದು ಕಣಿವೆಯ ಲೆಕ್ಕ ಇನ್ನೊಂದಕ್ಕೆ ಕೂಡುವುದಿಲ್ಲ. ಹಿಮ ಕರಗುವ ಹೊತ್ತೇ ಬೇರೆ ಬೇರೆ ಇರುವಾಗ ಕೂಡುವುದಾದರೂ ಹೇಗೆ? ಮುದುಕ ತನ್ನ ಮೈ ಮುಟ್ಟಿ ಮುಟ್ಟಿ ತೋರಿಸುತ್ತಾ ಹೋದ. ಸೊಂಟದ ಹತ್ತಿರ ಬಂದಾಗ ಒಂದು ಅಂಗದ ಹೆಸರು ಹೇಳದೆ ಪಕ್ಕದಲ್ಲಿದ್ದ ಸೊಸೆಯ ಕಡೆ ನೋಡಿ, ಕೆಮ್ಮಿ, ಹೊಟ್ಟೆಗೆ ಹಾರಿದ. ಡ್ರೈವರ್ ಬಿದ್ದು ಬಿದ್ದು ನಕ್ಕ.

ವ್ರಂಗ್‌ನಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಕಟ್ಟಿದ ಹಳೆಯ ಬೌದ್ಧ ಗುಡ್ಡೆ ಇದೆ. 7ನೇ ಶತಮಾನದಲ್ಲಿ ಇಂಡಿಯಾದಿಂದ ಚೀನಾಕ್ಕೆ ಮರಳುವಾಗ ಹ್ಯುಯೆನ್‌ತ್ಸಾಂಗ್ ವಖಾನ್ ಹಾದೇ ಹೋಗಿದ್ದು. ಗುಡ್ಡೆಗಿಂತ ಅದರ ಕೆಳಗಿನ ಹಳ್ಳದ ನೀರುಗಿರಣಿಯಲ್ಲಿ ನಾನು ಜಾಸ್ತಿ ಹೊತ್ತು ಕೂತೆ. ಕಲ್ಲಿನ ಪುಟ್ಟ ಗೂಡು, ಬಗ್ಗಿಯೇ ಒಳಗೆ ಹೋಗಬೇಕು. ಕೊರೆದ ಮರದ ದಿಮ್ಮಿಯಲ್ಲಿ ನೀರು ರಭಸದಿಂದ ಇಳಿದು ಕೆಳಗೆ ಅಡ್ಡ ಮಲಗಿಸಿದ ಚಕ್ರವನ್ನು ಹೊಡೆಯುತ್ತದೆ. ಚಕ್ರದ ಗೂಟ ಮೇಲಿನ ಬೀಸುಕಲ್ಲನ್ನು ನೇರವಾಗಿ ತಿರುಗಿಸುತ್ತದೆ, ನಡುವೆ ಹಲ್ಲು ಗಾಲಿ ಏನೂ ಇಲ್ಲ. ಕಾಳಿನ ಬುಟ್ಟಿ ಮೇಲೆ ತೂಗಾಡುತ್ತದೆ. ಬುಟ್ಟಿಗೆ ಕಟ್ಟಿದ ಒಂದು ಕಡ್ಡಿ ತಿರುಗುವ ಕಲ್ಲಿನ ಮೇಲೆ ಟಕಟಕ ಕುಣಿಯುತ್ತದೆ. ಅದು ಕುಣಿದಂತೆ ಕಾಳು ನಾಲ್ಕು ನಾಲ್ಕೇ ಉದುರುತ್ತದೆ. ಕಲ್ಲು ಜೋರಾದರೆ ಕಡ್ಡಿಯೂ ಜೋರು, ಕಾಳೂ ಜಾಸ್ತಿ. ನಿಧಾನವಾದರೆ ಅದೂ ನಿಧಾನ. ಯಾರೂ ಕಾಯಬೇಕಾಗಿಲ್ಲ. ಗಿರಣಿ ನೋಡಿಕೊಳ್ಳುವ ಹೆಂಗಸು ಹೊರಗೆ ಕೂತು ಕಾಲ್ಚೀಲ ಹೆಣೆಯುತ್ತಿದ್ದಳು, ಟಕಟಕ ನಿಂತರೆ ಕಾಳು ಮುಗಿಯಿತು ಅಂತ ಎದ್ದು ಬರುತ್ತಿದ್ದಳು. ಬೀಸಿದ್ದಕ್ಕೆ ದುಡ್ಡು ಇಲ್ಲ, ಒಂದು ಪಾಲು ಹಿಟ್ಟು. ಹಿಟ್ಟು ಕೈಗೆ ಬೆಚ್ಚಗೆ ಹತ್ತಿತು. ಬಣ್ಣ ಬೂದು.

ಲಂಗರ್

ವಖಾನ್‌ನ ಕೊನೆಯ ದೊಡ್ಡ ಊರು. ಪಾಮಿರ್ ನದಿಯೂ ವಖಾನ್ ನದಿಯೂ ಸೇರಿ ಪಂಜ್ ಆಗುವುದು ಇಲ್ಲೇ. ಹಿಂದಿನ ಬೆಟ್ಟಗಳಲ್ಲಿ ಏಂಗೆಲ್ಸ್ ಶಿಖರ, ಕಾರ್ಲ್ ಮಾರ್ಕ್ಸ್ ಶಿಖರ, ಎರಡೂ 6,500 ಮೀಟರ್ ದಾಟಿದವು. ದೇಶ ಬದಲಾದರೂ ಹೆಸರು ಬಾಯಲ್ಲಿ ಉಳಿದಿದೆ. ಎತ್ತರ ಜಾಸ್ತಿ, ಹಾಗಾಗಿ ಇಲ್ಲಿ ಅರ್ಧ ಹೊಲ ಇನ್ನೂ ಹಸಿರಿತ್ತು. ಗೋಧಿಯ ನಡುವೆ ಅಲ್ಲಲ್ಲಿ ಒಂದು ಗೇಣು ಎತ್ತರಕ್ಕೆ ತಲೆ ಹೊರಹಾಕಿದ ಬೇರೆ ತೆನೆ. ಕಳೆ ಅಂದುಕೊಂಡೆ, ಕಳೆಯೇ ಹೌದು, ಅದು ರೈ. ವವಿಲೋವ್ ಇಂಥ ಬೆಟ್ಟಗಳಲ್ಲೇ ಇದನ್ನು ಗಮನಿಸಿದ್ದ: ಕೆಳಗೆ ಗೋಧಿ ಹೊಲದ ಕಳೆಯಾಗಿರುವ ರೈ, ಮೇಲೆ ಹೋದಂತೆ ಚಳಿ ತಡೆದುಕೊಂಡು ಗೋಧಿಯನ್ನೇ ಒತ್ತರಿಸುತ್ತದೆ, ಕೊನೆಗೆ ಜನ ಅದನ್ನೇ ಬೆಳೆ ಅಂತ ಒಪ್ಪಿಕೊಳ್ಳುತ್ತಾರೆ. ಲಂಗರ್ ಹೆಂಗಸರು ರೈ ಕಿತ್ತು ಬಿಸಾಡುತ್ತಿರಲಿಲ್ಲ. ಜೊತೆಗೇ ಕೊಯ್ದು ಜೊತೆಗೇ ಒಕ್ಕಿ ಜೊತೆಗೇ ಬೀಸುತ್ತಾರೆ. ಗೋಧಿ ಕೈಕೊಟ್ಟ ವರ್ಷ ರೈ ಉಳಿದಿರುತ್ತದೆ ಅಂದರು.

ಬೆಳಗಿನ ತಿಂಡಿ ಶೀರ್‌ಚಾಯ್. ಹಾಲು ಹಾಕಿ ಕುದಿಸಿದ ಚಹಾ, ಉಪ್ಪು, ಮೇಲೆ ಬೆಣ್ಣೆ. ಸಕ್ಕರೆ ಇಲ್ಲ. ದೊಡ್ಡ ಬೋಗುಣಿಯಲ್ಲಿ ರೊಟ್ಟಿ ಮುರಿದು ಹಾಕಿ ನೆನೆದ ಮೇಲೆ ತಿನ್ನಬೇಕು. ಮೊದಲ ಗುಟುಕಿಗೆ ಮುಖ ಕಿವುಚುತ್ತೀರಿ, ಮೂರನೇ ದಿನ ಇದಿಲ್ಲದೆ ಬೆಳಗಾಗುವುದಿಲ್ಲ. ಆ ಮನೆಯಲ್ಲಿ ರೊಟ್ಟಿ ಎರಡು ಥರ ಇಟ್ಟಿದ್ದರು. ಒಂದು ಬೆಳ್ಳಗೆ ಉಬ್ಬಿದ್ದು, ಕಜಕ್ ಹಿಟ್ಟಿನದು. ಇನ್ನೊಂದು ತೆಳ್ಳಗೆ, ಕಂದು, ಅವರ ಹೊಲದ್ದು. ಅತಿಥಿ ಅಂತ ನನ್ನ ಮುಂದೆ ಬೆಳ್ಳಗಿನದು ಸರಿಸಿದರು. ನಾನು ಕೈ ಚಾಚಿ ಕಂದು ರೊಟ್ಟಿ ತೆಗೆದುಕೊಂಡೆ. ಮನೆಯ ಪುಟ್ಟ ಹುಡುಗ ಖುಷಿಯಿಂದ ನನ್ನ ಪಾಲಿನ ಬಿಳಿ ರೊಟ್ಟಿ ಎತ್ತಿಕೊಂಡು ಓಡಿದ. ಅವನ ಪ್ರಕಾರ ನಾನು ದಡ್ಡ. ಅಕ್ಕ ಅವನನ್ನು ಬೈದಿದ್ದು ಓಡಿದ್ದಕ್ಕಲ್ಲ, ರೊಟ್ಟಿ ಬೋರಲು ಮಾಡಿ ಹಿಡಿದಿದ್ದಕ್ಕೆ. ಇಲ್ಲಿ ನಾನ್ ಮಗುಚಿ ಇಡುವಂತಿಲ್ಲ, ನೆಲಕ್ಕೆ ಹಾಕುವಂತಿಲ್ಲ.

ಖರ್ಗುಷ್ ದಾಟಿ ಮುರ್ಗಾಬ್

ಲಂಗರ್ ಬಿಟ್ಟು ಸ್ವಲ್ಪ ಏರಿದರೆ ಹೊಲ ಮುಗಿಯಿತು. ಆಮೇಲೆ ಖರ್ಗುಷ್ ಕಣಿವೆದಾರಿ, 4,344 ಮೀಟರ್. ತಲೆ ನೋಯುತ್ತದೆ, ನೀರು ಕುಡಿಯುತ್ತಾ ಇರಿ, ಬೆಳಗ್ಗೆ ಹೊಟ್ಟೆ ತುಂಬ ತಿನ್ನಬೇಡಿ. ನಡುವೆ ಟಯರ್ ಪಂಕ್ಚರ್ ಆಗಿ, ಸ್ಟೆಪ್ನಿ ನೋಡಿದರೆ ಅದರಲ್ಲೂ ಗಾಳಿ ಇಲ್ಲ. ಡ್ರೈವರ್ ಕೈಪಂಪ್ ತೆಗೆದ. 4,000 ಮೀಟರ್ ಎತ್ತರದಲ್ಲಿ ಟಯರಿಗೆ ಗಾಳಿ ಹೊಡೆಯುವುದು ಹೇಗಿರುತ್ತೆ ಅಂತ ಕೇಳಬೇಡಿ. ಐವತ್ತು ಸಲ ಹೊಡೆದು ಕೂರುವುದು, ಅವನು ಐವತ್ತು, ನಾನು ಇಪ್ಪತ್ತು.

ಮುರ್ಗಾಬ್ ಬರುವ ಹೊತ್ತಿಗೆ ಕತ್ತಲು. 3,600 ಮೀಟರ್ ದಾಟಿದ ಊರು, ಕಿರ್ಗಿಜ್ ಜನ ಜಾಸ್ತಿ, ಯಾಕ್ ಸಾಕುತ್ತಾರೆ, ಕಾಳು ಏನೂ ಬೆಳೆಯುವುದಿಲ್ಲ. ಬಜಾರು ಅಂದರೆ ಹಳೆ ಕಂಟೇನರುಗಳ ಸಾಲು. ಬೆಳಗ್ಗೆ ಅಲ್ಲಿ ಹಿಟ್ಟಿನ ಅಂಗಡಿ ಮುಂದೆ ನಮ್ಮ ಡ್ರೈವರ್ ಚೌಕಾಶಿ ಮಾಡುತ್ತಿದ್ದ. ಕಿರ್ಗಿಜ್‌ಸ್ತಾನದ ಓಷ್ ಕಡೆಯಿಂದ ಬಂದ ಹಿಟ್ಟು, ಖೊರೋಗ್‌ಗಿಂತ ಚೀಲಕ್ಕೆ ಸ್ವಲ್ಪ ಕಡಿಮೆಯಂತೆ. ನನ್ನನ್ನು ಓಷ್ ಜೀಪಿಗೆ ಹತ್ತಿಸಿ, ನಾನು ಕೂತಿದ್ದ ಸೀಟಿನ ಮೇಲೆ ಎರಡು ಚೀಲ ಹಾಕಿಕೊಂಡು ಲಂಗರ್ ಕಡೆಗೆ ಹೊರಟ.